ಎಐ ಏಜೆಂಟ್‌ಗಳ ನಡುವೆ ಒಮ್ಮತ ಬಾರದಾಗ: ಓಟು, ಜಡ್ಜ್, ಚರ್ಚೆ, ವಾದದ ನಕ್ಷೆ – ಯಾವುದನ್ನು ಆರಿಸಬೇಕು?

ಒಂದೇ ಕೆಲಸಕ್ಕೆ ಎರಡು ಮೂರು ಎಐ ಏಜೆಂಟ್‌ಗಳನ್ನು, ಅಂದರೆ ಹೇಳಿದ ಕೆಲಸವನ್ನು ತಾವೇ ಮಾಡುವ ಎಐ ಪ್ರೋಗ್ರಾಂಗಳನ್ನು, ಹಚ್ಚುವುದು ಈಗ ಮಾಮೂಲಿಯಾಗಿದೆ. ಒಂದು ಕೋಡ್ ಬರೆಯುತ್ತದೆ, ಇನ್ನೊಂದು ಅದನ್ನು ಪರಿಶೀಲಿಸುತ್ತದೆ, ಮತ್ತೊಂದು ಟೆಸ್ಟ್ ಓಡಿಸುತ್ತದೆ. ಎಲ್ಲವೂ ಒಂದೇ ಮಾತು ಹೇಳಿದರೆ ತೊಂದರೆಯಿಲ್ಲ. ಒಂದು ‘ಸರಿ’ ಅಂದು, ಇನ್ನೊಂದು ‘ತಪ್ಪು’ ಅಂದರೆ? ಓಟು ಹಾಕಿಸಬೇಕಾ, ಬೇರೊಂದು ಮಾಡೆಲನ್ನು (ಏಜೆಂಟ್‌ನ ಹಿಂದೆ ಕೆಲಸ ಮಾಡುವ ಎಐ ಅನ್ನು) ಜಡ್ಜ್ ಮಾಡಬೇಕಾ, ಅವೇ ಮಾತಾಡಿಕೊಂಡು ಬಗೆಹರಿಸಿಕೊಳ್ಳಲಿ ಅಂತ ಬಿಡಬೇಕಾ, ಇಲ್ಲ ವಾದ–ಆಕ್ಷೇಪಗಳನ್ನು ಒಂದು ಕ್ರಮದಲ್ಲಿ ಬರೆಸಿ ಲೆಕ್ಕ ಹಾಕಬೇಕಾ? ಇಂಥ ವ್ಯವಸ್ಥೆ ಕಟ್ಟುವವರು ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯ ದಾರಿಗೆ, ಅಂದರೆ ವಾದಗಳ ನಕ್ಷೆಗೆ, ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಆದರೆ ಅದು ಎಲ್ಲ ಜಗಳಕ್ಕೂ ಮದ್ದಲ್ಲ. ಜಗಳ ಯಾವ ಬಗೆಯದು ಅನ್ನುವುದು ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಮೊದಲು ಅಳತೆಗೋಲು

ಯಾವ ವಿಧಾನ ನೋಡಿದರೂ ಈ ಪ್ರಶ್ನೆಗಳನ್ನು ಕೇಳಿ.

ಜಗಳ ಯಾವುದರ ಬಗ್ಗೆ? ಪರೀಕ್ಷೆ ಮಾಡಿ ನೋಡಬಹುದಾದ ಸಂಗತಿಯ ಬಗ್ಗೆಯಾದರೆ ಯಾವ ವಾದವೂ ಬೇಡ. ಟೆಸ್ಟ್ ಓಡಿಸಿ, ಫೈಲ್ ತೆರೆದು ನೋಡಿ, ಮುಗಿಯಿತು. ಸಂಗತಿ ಒಂದೇ ಇದ್ದು ಅದರಿಂದ ತೆಗೆದ ತೀರ್ಮಾನ ಬೇರೆಯಾದರೆ ಅಲ್ಲಿ ವಾದಕ್ಕೆ ಬೆಲೆ ಇದೆ. ವೇಗ ಮುಖ್ಯವಾ, ಸುರಕ್ಷತೆ ಮುಖ್ಯವಾ ಎಂಬಂಥ ಆದ್ಯತೆಯ ಜಗಳವಾದರೆ ಏಜೆಂಟ್‌ಗಳು ಎಷ್ಟು ಮಾತಾಡಿದರೂ ಅದು ತೀರುವುದಿಲ್ಲ. ಅದನ್ನು ನೀವೇ ತೀರ್ಮಾನಿಸಬೇಕು.

ಏಜೆಂಟ್‌ಗಳು ನಿಜಕ್ಕೂ ಬೇರೆ ಬೇರೆಯೇ? ಒಂದೇ ಮಾಡೆಲಿಗೆ ಮೂರು ಹೆಸರು ಕೊಟ್ಟಿದ್ದರೆ ಅವು ತಪ್ಪು ಮಾಡುವುದೂ ಒಟ್ಟಿಗೇ.

ಒಬ್ಬರೇ ಸರಿಯಾಗಿದ್ದರೆ ಅವರ ಮಾತು ಉಳಿಯುತ್ತದಾ? ನನ್ನ ಮಟ್ಟಿಗೆ ಇದು ಬಹಳ ಮುಖ್ಯ. ಇಬ್ಬರು ಗಮನಿಸದ ಒಂದು ಸಾಲನ್ನು ಮೂರನೆಯವರು ನೋಡಿದ್ದರೆ ಆ ಸಾಲು ತೀರ್ಮಾನವನ್ನು ಬದಲಿಸಬೇಕು.

ನಾಳೆ ಯಾರಾದರೂ ‘ಹೀಗೇಕೆ ಮಾಡಿದಿರಿ’ ಅಂತ ಕೇಳಿದರೆ ತೋರಿಸಲು ಏನಿರುತ್ತದೆ? ಕೊನೆಯದಾಗಿ ಖರ್ಚು: ಮಾಡೆಲನ್ನು ಎಷ್ಟು ಸಲ ಕರೆಯಬೇಕು, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು.

ಒಂದು ಜಗಳ, ಹತ್ತಿರದಿಂದ

ಹೋಲಿಸಲು ಅನುಕೂಲವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಸ್ ಟಿಕೆಟ್ ಬುಕ್ ಮಾಡುವ ಒಂದು ಸಾಫ್ಟ್‌ವೇರ್. ಖಾಲಿ ಸೀಟು ತೋರಿಸುವ ಪುಟ ತುಂಬಾ ನಿಧಾನ. ಮೂರು ಏಜೆಂಟ್‌ಗಳು ಪರಿಹಾರ ಹುಡುಕುತ್ತಿವೆ.

ವಾದ 1, ಮೊದಲ ಏಜೆಂಟ್: ಸೀಟುಗಳ ಮಾಹಿತಿಯನ್ನು 5 ನಿಮಿಷ ಕ್ಯಾಶ್‌ನಲ್ಲಿ (cache, ಅಂದರೆ ಮತ್ತೆ ಮತ್ತೆ ಡೇಟಾಬೇಸ್ ಕೇಳದಂತೆ ಪಕ್ಕದಲ್ಲಿ ಇಟ್ಟುಕೊಳ್ಳುವ ನಕಲು) ಇಡೋಣ, ಪುಟ ಬೇಗ ತೆರೆಯುತ್ತದೆ.

ವಾದ 2, ಎರಡನೆಯದು: ಬೇಡ. ಹಳೇ ಮಾಹಿತಿ ನೋಡಿ ಇಬ್ಬರು ಒಂದೇ ಸೀಟಿಗೆ ದುಡ್ಡು ಕಟ್ಟಿಬಿಡಬಹುದು.

ವಾದ 3, ಮೂರನೆಯದು: ಹಾಗಾಗುವುದಿಲ್ಲ. ದುಡ್ಡು ಕಟ್ಟಿಸಿಕೊಳ್ಳುವ ಮೊದಲು ಡೇಟಾಬೇಸ್‌ನಲ್ಲಿ ಸೀಟನ್ನು ಇನ್ನೊಮ್ಮೆ ನೋಡುತ್ತೇವಲ್ಲ.

ವಾದ 4, ಮತ್ತೆ ಎರಡನೆಯದು: ವೆಬ್‌ಸೈಟಿನ ಬುಕಿಂಗ್‌ನಲ್ಲಿ ನೋಡುತ್ತೇವೆ ನಿಜ. ಕೌಂಟರ್ ಬುಕಿಂಗ್ ಕೋಡ್‌ನಲ್ಲಿ ಆ ಪರೀಕ್ಷೆ ಇಲ್ಲ. ಈ ಫೈಲ್, ಈ ಸಾಲು.

ಇದೇ ಜಗಳವನ್ನು ಒಂದೊಂದು ವಿಧಾನಕ್ಕೂ ಕೊಟ್ಟು ನೋಡೋಣ.

ಓಟು

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಗ. ಒಂದೇ ಮಾಡೆಲಿಗೆ ಅದೇ ಪ್ರಶ್ನೆಯನ್ನು ಹಲವು ಸಲ ಕೇಳಿ, ಹೆಚ್ಚು ಸಲ ಬಂದ ಉತ್ತರವನ್ನು ತೆಗೆದುಕೊಳ್ಳುವ ಉಪಾಯವನ್ನು 2022ರಲ್ಲಿ ಗೂಗಲ್ ಸಂಶೋಧಕರು ‘ಸೆಲ್ಫ್ ಕನ್ಸಿಸ್ಟೆನ್ಸಿ’ ಎಂಬ ಹೆಸರಲ್ಲಿ ಪ್ರಕಟಿಸಿದರು. ಗಣಿತದ ಲೆಕ್ಕಗಳಲ್ಲಿ, ಒಂದೇ ಖಚಿತ ಉತ್ತರ ಇರುವ ಪ್ರಶ್ನೆಗಳಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಇದರ ಹಿಂದಿನ ತರ್ಕ ತುಂಬ ಹಳೆಯದು. ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ಬರೆದದ್ದು. ಪ್ರತಿಯೊಬ್ಬರೂ ಸರಿಯಾಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇದ್ದು, ಒಬ್ಬರ ತಪ್ಪಿಗೂ ಇನ್ನೊಬ್ಬರ ತಪ್ಪಿಗೂ ಸಂಬಂಧ ಇಲ್ಲದಿದ್ದರೆ, ಬಹುಮತವು ಒಬ್ಬೊಬ್ಬರಿಗಿಂತ ಹೆಚ್ಚು ಸರಿಯಾಗಿರುತ್ತದೆ. ಲೆಕ್ಕ ಹಾಕಿ ನೋಡಿ: ಮೂವರೂ ಶೇ 80ರಷ್ಟು ಸಲ ಸರಿಯಾಗಿದ್ದರೆ ಅವರ ಬಹುಮತ ಹೆಚ್ಚೂಕಡಿಮೆ ಶೇ 90ರಷ್ಟು ಸಲ ಸರಿ. ಅದೇ ಒಬ್ಬೊಬ್ಬರೂ ಶೇ 40ರಷ್ಟೇ ಸರಿಯಾಗಿದ್ದರೆ ಬಹುಮತ ಶೇ 35ಕ್ಕೆ ಇಳಿಯುತ್ತದೆ. ಕಷ್ಟದ ಪ್ರಶ್ನೆಯಲ್ಲಿ ಓಟು ನಿಮ್ಮನ್ನು ಇನ್ನಷ್ಟು ದಾರಿ ತಪ್ಪಿಸಬಹುದು ಅಂತಾಯಿತು. ‘ತಪ್ಪುಗಳಿಗೆ ಸಂಬಂಧ ಇಲ್ಲದಿದ್ದರೆ’ ಎಂಬ ಷರತ್ತಂತೂ ಒಂದೇ ಮಾಡೆಲಿನ ಮೂರು ನಕಲುಗಳಲ್ಲಿ ಈಡೇರುವುದೇ ಅಪರೂಪ.

ನಮ್ಮ ಬಸ್ ಜಗಳದಲ್ಲಿ ಏನಾಗುತ್ತದೆ? ಒಂದು ಮತ್ತು ಮೂರನೆಯ ಏಜೆಂಟ್ ಕ್ಯಾಶ್ ಪರ, ಎರಡನೆಯದು ವಿರೋಧ. ಎರಡಕ್ಕೆ ಒಂದರಂತೆ ಕ್ಯಾಶ್ ಗೆಲ್ಲುತ್ತದೆ. ಕೌಂಟರ್ ಕೋಡ್‌ನ ಆ ಸಾಲು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಜಡ್ಜ್ ಮಾಡೆಲ್

ಎಲ್ಲರ ಮಾತನ್ನೂ ಒಂದು ದೊಡ್ಡ ಮಾಡೆಲಿಗೆ ಕೊಟ್ಟು ‘ಯಾರು ಸರಿ’ ಅಂತ ಕೇಳುವುದು. ಕಟ್ಟಲು ಸುಲಭ. ಒಂದು ಸಲ ಹೆಚ್ಚುವರಿಯಾಗಿ ಕರೆದರೆ ಸಾಕು. ತೀರ್ಪಿನ ಜೊತೆ ಕಾರಣವೂ ಬರುತ್ತದೆ.

2023ರಲ್ಲಿ ಬರ್ಕ್ಲಿ ಮತ್ತು ಇತರ ವಿಶ್ವವಿದ್ಯಾಲಯಗಳ ಸಂಶೋಧಕರು ಇದನ್ನು ವಿವರವಾಗಿ ಪರೀಕ್ಷಿಸಿದರು. ಜಿಪಿಟಿ–4 ಎಂಬ ಮಾಡೆಲ್ ಕೊಟ್ಟ ತೀರ್ಪು ಮನುಷ್ಯರ ತೀರ್ಪಿಗೆ ಶೇ 80ಕ್ಕಿಂತ ಜಾಸ್ತಿ ಸಲ ಹೊಂದಿತು. ಮನುಷ್ಯರ ನಡುವೆಯೂ ಹೆಚ್ಚೂಕಡಿಮೆ ಅಷ್ಟೇ ಒಮ್ಮತ ಇತ್ತು. ಆದರೆ ಕೆಟ್ಟ ಅಭ್ಯಾಸಗಳೂ ಹೊರಬಿದ್ದವು. ಎರಡು ಉತ್ತರಗಳಲ್ಲಿ ಯಾವುದು ಮೊದಲು ಬಂತು ಎಂಬುದರ ಮೇಲೆ ತೀರ್ಪು ವಾಲುವುದು, ಉದ್ದದ ಉತ್ತರಕ್ಕೆ ಒಲಿಯುವುದು, ತಾನೇ ಬರೆದ ಉತ್ತರದ ಕಡೆ ಒಲವು ತೋರುವ ಲಕ್ಷಣ – ಇವು ಮುಖ್ಯವಾದವು.

ಜಡ್ಜ್ ಬಳಸುವುದಾದರೆ ಎರಡು ಕೆಲಸ ತಪ್ಪಿಸಬೇಡಿ. ಕ್ರಮ ಅದಲು ಬದಲು ಮಾಡಿ ಎರಡು ಸಲ ಕೇಳಿ. ಎರಡೂ ಸಲ ಒಂದೇ ತೀರ್ಪು ಬಂದರೆ ಮಾತ್ರ ಒಪ್ಪಿಕೊಳ್ಳಿ. ಮತ್ತೆ, ವಾದ ಮಾಡಿದ ಮಾಡೆಲನ್ನೇ ಜಡ್ಜ್ ಮಾಡಬೇಡಿ. ಇನ್ನೊಂದು ಮಾತು: ಜಡ್ಜ್ ಬರೆದ ಕಾರಣವೇ ತೀರ್ಪಿಗೆ ನಿಜವಾದ ಕಾರಣ ಅಂತ ನಂಬಲಾಗದು. ಓದಲು ಚೆನ್ನಾಗಿರುತ್ತದೆ, ಅಷ್ಟೇ. ಲೆಕ್ಕ ತಪಾಸಣೆಯಲ್ಲಿ ತೋರಿಸಬೇಕಾದ ಕೆಲಸಕ್ಕೆ ಅದೊಂದೇ ಸಾಲದು.

ಸುಮ್ನೆ ಚರ್ಚೆಗೆ ಬಿಡುವುದು

ಪ್ರತಿ ಏಜೆಂಟ್ ತನ್ನ ಉತ್ತರ ಕೊಡುತ್ತದೆ, ಬೇರೆಯವರದನ್ನು ಓದುತ್ತದೆ, ತಿದ್ದಿಕೊಳ್ಳುತ್ತದೆ, ಮತ್ತೆ ಇನ್ನೊಂದು ಸುತ್ತು. 2023ರಲ್ಲಿ ಎಂಐಟಿ ಮತ್ತು ಗೂಗಲ್‌ನವರು ಇದನ್ನು ಮೂರು ಏಜೆಂಟ್, ಎರಡು ಸುತ್ತು ಎಂಬ ಅಳತೆಯಲ್ಲಿ ಮಾಡಿ, ಲೆಕ್ಕಗಳಲ್ಲೂ ಸಂಗತಿಗಳ ನಿಖರತೆಯಲ್ಲೂ ಸುಧಾರಣೆ ತೋರಿಸಿದರು. ಆಮೇಲೆ ಈ ದಾರಿ ಬಹಳ ಜನಪ್ರಿಯವಾಯಿತು.

ನನಗೆ ಇದರ ಮೇಲೆ ಅಷ್ಟು ಭರವಸೆ ಇಲ್ಲ. ಮೊದಲ ಕಾರಣ ಖರ್ಚು. ಮೊದಲ ಉತ್ತರಗಳು ಮತ್ತು ಎರಡು ಸುತ್ತು ಸೇರಿದರೆ ಮೂರು ಏಜೆಂಟ್‌ಗಳಿಗೆ ಒಂಬತ್ತು ಕರೆ. ಪ್ರತಿ ಸುತ್ತಿನಲ್ಲೂ ಪ್ರತಿಯೊಂದೂ ಉಳಿದವರ ಮಾತನ್ನೆಲ್ಲ ಓದಬೇಕು. ಏಜೆಂಟ್‌ಗಳ ಸಂಖ್ಯೆ ಎರಡು ಪಟ್ಟಾದರೆ ಓದುವ ಟೋಕನ್‌ಗಳು (ಮಾಡೆಲ್ ಓದುವ ಪಠ್ಯದ ತುಣುಕುಗಳು) ಸುಮಾರು ನಾಲ್ಕು ಪಟ್ಟಾಗುತ್ತವೆ. ಅದೇ 2023ರ ಕೊನೆಯ ಹೊತ್ತಿಗೆ ಬಂದ ಇನ್ನೊಂದು ಅಧ್ಯಯನ, ಶಾಲಾ ಗಣಿತದ ಲೆಕ್ಕಗಳಲ್ಲಿ ಎರಡೂ ಕಡೆ ಉತ್ತರಗಳ ಸಂಖ್ಯೆ ಒಂದೇ ಇರುವಂತೆ ನೋಡಿಕೊಂಡಾಗ, ಚರ್ಚೆಗಿಂತ ಬರೀ ಓಟೇ ಮೇಲು ಅಂತ ತೋರಿಸಿತು. ದುಡ್ಡು ಖರ್ಚು ಮಾಡುವ ಮೊದಲು ಈ ಹೋಲಿಕೆಯನ್ನು ನಿಮ್ಮ ಕೆಲಸದ ಮೇಲೂ ಮಾಡಿ ನೋಡಿ.

ಎರಡನೇ ಕಾರಣ ಇನ್ನೂ ಗಂಭೀರ. ಈ ಮಾಡೆಲ್‌ಗಳಿಗೆ ಒಪ್ಪಿಕೊಂಡುಬಿಡುವ ಗುಣ ಜಾಸ್ತಿ. ‘ನಿಮ್ಮ ಮಾತು ಸರಿ, ನನ್ನ ಉತ್ತರ ಬದಲಿಸುತ್ತೇನೆ’ ಅನ್ನಲು ಪುರಾವೆಯೇ ಬೇಕಿಲ್ಲ, ಎದುರಿನವರ ಧೈರ್ಯದ ದನಿ ಸಾಕು. ಎರಡನೇ ಏಜೆಂಟ್ ಕೌಂಟರ್ ಕೋಡ್ ವಿಷಯ ಎತ್ತಿ, ಉಳಿದಿಬ್ಬರು ‘ಅದು ಚಿಕ್ಕ ವಿಷಯ’ ಅಂದರೆ, ಮುಂದಿನ ಸುತ್ತಿನಲ್ಲಿ ಅದೇ ಹಿಂದೆ ಸರಿದಿರಬಹುದು. ಆಕ್ಷೇಪಕ್ಕೆ ಉತ್ತರವೇ ಸಿಕ್ಕಿರುವುದಿಲ್ಲ, ಆದರೂ ಒಮ್ಮತ ಬಂದಿರುತ್ತದೆ.

ಇಬ್ಬರ ವಾದ, ಮೂರನೆಯವರ ತೀರ್ಪು

ಇದು ಚರ್ಚೆಯ ಇನ್ನೊಂದು ರೂಪ. ಎರಡು ಏಜೆಂಟ್‌ಗಳು ಎದುರುಬದುರು ಪಕ್ಷ ಹಿಡಿಯುತ್ತವೆ. ಅಷ್ಟು ವಿಷಯ ಗೊತ್ತಿಲ್ಲದ ಮೂರನೆಯವರು, ಮನುಷ್ಯರೋ ಮಾಡೆಲೋ, ಕೇಳಿ ತೀರ್ಮಾನಿಸುತ್ತಾರೆ. 2018ರಲ್ಲಿ ಓಪನ್‌ಎಐ ಎಂಬ ಎಐ ಸಂಸ್ಥೆಯ ಜೆಫ್ರಿ ಅರ್ವಿಂಗ್, ಪಾಲ್ ಕ್ರಿಸ್ಟಿಯಾನೊ, ಡಾರಿಯೊ ಅಮೊಡೆ ಇದನ್ನು ಎಐ ಸುರಕ್ಷತೆಯ ದಾರಿಯಾಗಿ ಮುಂದಿಟ್ಟರು. ಸುಳ್ಳನ್ನು ಸಮರ್ಥಿಸುವುದಕ್ಕಿಂತ ಅದನ್ನು ಬಯಲು ಮಾಡುವುದು ಸುಲಭ ಎಂಬುದು ಅವರ ಆಸೆಯ ಬೇರು.

2024ರ ಒಂದು ಪ್ರಯೋಗದಲ್ಲಿ ಒಂದು ಕಥೆಯ ಬಗ್ಗೆ ಪ್ರಶ್ನೆ ಕೇಳಲಾಗುತ್ತಿತ್ತು. ವಾದಿಗಳು ಪೂರ್ತಿ ಕಥೆ ಓದಿದ್ದರು, ತೀರ್ಪು ಕೊಡುವವರು ಓದಿರಲಿಲ್ಲ. ವಾದ ಕೇಳಿದ ಮೇಲೆ ತೀರ್ಪುಗಾರ ಮಾಡೆಲ್‌ಗಳು ಶೇ 76, ಮನುಷ್ಯರು ಶೇ 88 ಸರಿ ಉತ್ತರ ಕೊಟ್ಟರು. ವಾದ ಇಲ್ಲದೆ ಹೋಗಿದ್ದರೆ ಅದು ಶೇ 48 ಮತ್ತು ಶೇ 60. ಅಲ್ಲೊಂದು ಚಿಕ್ಕ ಏರ್ಪಾಡಿತ್ತು, ಅದನ್ನು ನಾವೂ ಎತ್ತಿಕೊಳ್ಳಬೇಕು: ವಾದಿ ಕಥೆಯಿಂದ ಎತ್ತಿ ಹೇಳಿದ ಸಾಲು ನಿಜವಾಗಿ ಕಥೆಯಲ್ಲಿದೆಯೇ ಅಂತ ಯಂತ್ರವೇ ಪರೀಕ್ಷಿಸಿ ಗುರುತು ಹಾಕುತ್ತಿತ್ತು. ಮಾತಿನ ಬಲಕ್ಕಿಂತ ಪುರಾವೆಯ ಬಲ ಮುಂದೆ ಬರುವುದು ಇಂಥ ಏರ್ಪಾಡಿನಿಂದ.

ತೀರ್ಮಾನ ಮಾಡುವವರಿಗೆ ಸಮಯ ಕಡಿಮೆ, ದಾಖಲೆ ಉದ್ದ ಇದ್ದಾಗ ಇದು ಒಳ್ಳೆಯ ಆಯ್ಕೆ. ಆದರೆ ಎರಡೇ ಪಕ್ಷ ಇರುವ ಪ್ರಶ್ನೆಗೆ ಮಾತ್ರ ಸಲೀಸು. ‘ಗೆಲ್ಲಬೇಕು’ ಅಂತ ಹೇಳಿಕೊಟ್ಟ ಏಜೆಂಟ್ ತನ್ನ ಪಕ್ಷದ ದೋಷ ತಾನಾಗಿ ಹೇಳುವುದಿಲ್ಲ ಎಂಬುದೂ ನೆನಪಿರಲಿ. ನಮ್ಮ ಪ್ರಾಚೀನ ತರ್ಕಗ್ರಂಥವಾದ ಗೌತಮನ ನ್ಯಾಯಸೂತ್ರ ಸತ್ಯ ತಿಳಿಯಲು ಮಾಡುವ ವಾದವನ್ನು, ಗೆಲ್ಲಲು ಮಾಡುವ ಜಲ್ಪವನ್ನು, ತನ್ನದೇನೂ ಇಡದೆ ಬರೀ ಖಂಡಿಸುವ ವಿತಂಡವನ್ನು ಬೇರೆ ಬೇರೆ ಇಟ್ಟು ನೋಡುತ್ತದೆ. ಏಜೆಂಟ್‌ಗಳಿಗೆ ಸೂಚನೆ ಬರೆಯುವಾಗ ಯಾವುದನ್ನು ಕೇಳುತ್ತಿದ್ದೇನೆ ಅಂತ ಒಮ್ಮೆ ಯೋಚಿಸಿ ಬರೆಯಿರಿ.

ವಾದಗಳ ನಕ್ಷೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. 1995ರಲ್ಲಿ ಫಾನ್ ಮಿನ್ ಡುಂಗ್ ಎಂಬ ಸಂಶೋಧಕರು ಒಂದು ಸರಳ ವಿಚಾರ ಮಂಡಿಸಿದರು. ವಾದದ ಒಳಗೆ ಏನಿದೆ ಅನ್ನುವುದನ್ನು ಸದ್ಯಕ್ಕೆ ಬಿಡಿ. ಯಾವ ವಾದ ಯಾವುದನ್ನು ಹೊಡೆಯುತ್ತದೆ, ಅಂದರೆ ಅಲ್ಲಗಳೆಯುತ್ತದೆ, ಅನ್ನುವುದನ್ನಷ್ಟೇ ಬಾಣದ ಗುರುತು ಹಾಕಿ ಬರೆಯಿರಿ. ಯಾವ ವಾದಗಳನ್ನು ಒಟ್ಟಿಗೆ ಒಪ್ಪಬಹುದು ಅನ್ನುವುದು ಆ ಚಿತ್ರದಿಂದಲೇ ಲೆಕ್ಕಕ್ಕೆ ಸಿಗುತ್ತದೆ.

ಲೆಕ್ಕ ಹೀಗೆ. ಯಾರೂ ಹೊಡೆಯದ ವಾದ ಉಳಿಯುತ್ತದೆ. ಉಳಿದ ವಾದ ಯಾವುದನ್ನು ಹೊಡೆಯುತ್ತದೋ ಅದು ಬೀಳುತ್ತದೆ. ತನ್ನನ್ನು ಹೊಡೆಯುವ ಎಲ್ಲ ವಾದಗಳೂ ಬಿದ್ದರೆ ಆ ವಾದ ಮತ್ತೆ ಉಳಿಯುತ್ತದೆ. ಬದಲಾವಣೆ ನಿಲ್ಲುವವರೆಗೆ ಇದನ್ನೇ ಮಾಡುತ್ತಾ ಹೋಗಿ. ಹೀಗೆ ಉಳಿದ ಗುಂಪಿಗೆ ‘ಗ್ರೌಂಡೆಡ್ ಎಕ್ಸ್‌ಟೆನ್ಶನ್’ ಅನ್ನುತ್ತಾರೆ. ಅದು ಯಾವಾಗಲೂ ಇರುತ್ತದೆ, ಒಂದೇ ಇರುತ್ತದೆ, ಬೇಗ ಲೆಕ್ಕವಾಗುತ್ತದೆ.

ಬಸ್ಸಿನ ಜಗಳಕ್ಕೆ ಹಾಕಿ ನೋಡಿ. 4ನ್ನು ಯಾರೂ ಹೊಡೆದಿಲ್ಲ, ಅದು ಉಳಿಯಿತು. ಅದು 3ನ್ನು ಹೊಡೆಯುತ್ತದೆ, 3 ಬಿತ್ತು. 2ನ್ನು ಹೊಡೆಯುತ್ತಿದ್ದದ್ದು 3 ಒಂದೇ, ಹಾಗಾಗಿ 2 ಉಳಿಯಿತು. ಅದು 1ನ್ನು ಹೊಡೆಯುತ್ತದೆ, 1 ಬಿತ್ತು. ಕ್ಯಾಶ್ ಬೇಡ. ಓಟಿನಲ್ಲಿ ಸೋತ ಒಂಟಿ ಏಜೆಂಟ್ ಇಲ್ಲಿ ಗೆದ್ದಿತು, ಯಾಕೆಂದರೆ ಅದರ ಪುರಾವೆಗೆ ಯಾರೂ ಉತ್ತರ ಕೊಡಲಿಲ್ಲ.

ಈಗ ಯಾರೋ ಟೆಸ್ಟ್ ಓಡಿಸಿ ಹೇಳುತ್ತಾರೆ: ಕೌಂಟರ್ ಕೋಡ್ ಕೊನೆಗೆ ಕರೆಯುವುದು ವೆಬ್‌ಸೈಟಿನ ಅದೇ ಫಂಕ್ಷನ್ನನ್ನು, ಪರೀಕ್ಷೆ ಅಲ್ಲೇ ಆಗುತ್ತದೆ. ಇದು ವಾದ 5. ಅದು 4ನ್ನು ಹೊಡೆಯುತ್ತದೆ. ತಕ್ಷಣ 4 ಬಿತ್ತು, 3 ಎದ್ದಿತು, 2 ಬಿತ್ತು, 1 ಎದ್ದಿತು. ಕ್ಯಾಶ್ ಇಡಬಹುದು. ಮೊದಲಿಂದ ಚರ್ಚೆ ಮಾಡಿಸಬೇಕಿಲ್ಲ, ಮಾಡೆಲನ್ನು ಮತ್ತೆ ಕರೆಯಬೇಕಿಲ್ಲ. ಒಂದು ಬಾಣ ಸೇರಿಸಿದರೆ ತೀರ್ಮಾನ ತಾನೇ ಬದಲಾಗುತ್ತದೆ. ಯಾವ ಸಾಲಿನಿಂದ ಬದಲಾಯಿತು ಅನ್ನುವುದೂ ದಾಖಲೆಯಲ್ಲೇ ಇರುತ್ತದೆ. ಈ ವಿಧಾನದ ಮೇಲೆ ನನಗಿರುವ ಪ್ರೀತಿಗೆ ಇದೇ ಕಾರಣ.

ಎರಡು ವಾದಗಳು ಒಂದನ್ನೊಂದು ಹೊಡೆಯುತ್ತಿದ್ದರೆ? ‘ಪುಟ ಬೇಗ ತೆರೆಯುವುದೇ ಮುಖ್ಯ, ಕ್ಯಾಶ್ ಇಡಿ’ ಎಂದು ಒಂದು, ‘ಸೀಟಿನ ಮಾಹಿತಿ ಸದಾ ತಾಜಾ ಇರುವುದೇ ಮುಖ್ಯ, ಬೇಡ’ ಎಂದು ಇನ್ನೊಂದು. ಗ್ರೌಂಡೆಡ್ ಲೆಕ್ಕ ಎರಡನ್ನೂ ಎತ್ತಿ ಹಿಡಿಯುವುದಿಲ್ಲ, ಬೀಳಿಸುವುದೂ ಇಲ್ಲ. ಇದನ್ನು ಕೆಲವರು ದೋಷ ಅನ್ನುತ್ತಾರೆ. ನನಗೆ ಅದು ದೊಡ್ಡ ಉಪಕಾರ ಅನ್ನಿಸುತ್ತದೆ. ಇಲ್ಲಿ ತರ್ಕ ಮುಗಿಯಿತು, ಇನ್ನು ಮಾಲೀಕರು ಆದ್ಯತೆ ಹೇಳಬೇಕು ಅಂತ ಅದು ಸರಿಯಾದ ಜಾಗಕ್ಕೆ ಬೆರಳು ತೋರಿಸುತ್ತದೆ. ಟ್ರೆವರ್ ಬೆಂಚ್–ಕ್ಯಾಪನ್ 2003ರಲ್ಲಿ ಇದಕ್ಕೇ ಒಂದು ವಿಸ್ತರಣೆ ಕೊಟ್ಟರು: ಪ್ರತಿ ವಾದಕ್ಕೂ ಅದು ಕಾಪಾಡುವ ಮೌಲ್ಯದ ಹೆಸರು ಕಟ್ಟಿ, ಮೌಲ್ಯಗಳ ಕ್ರಮವನ್ನು ಬೇರೆಯಾಗಿ ಕೊಡಿ. ‘ನಿಖರತೆ ಮೊದಲು, ವೇಗ ಆಮೇಲೆ’ ಅಂತ ಒಮ್ಮೆ ಬರೆದಿಟ್ಟರೆ ಇಂಥ ಗಂಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಇನ್ನು ಕಷ್ಟಗಳು. ಯಾವುದು ಯಾವುದನ್ನು ಹೊಡೆಯುತ್ತದೆ ಅಂತ ಗುರುತಿಸುವುದು ಮತ್ತೆ ಮಾಡೆಲೇ. ಅಲ್ಲಿ ಒಂದು ಬಾಣ ತಪ್ಪಿದರೆ ಲೆಕ್ಕ ಎಷ್ಟೇ ಶುದ್ಧವಾಗಿದ್ದರೂ ತೀರ್ಮಾನ ತಪ್ಪು. ಕೊನೆಗೆ ಮಾತಾಡಿದವರ ವಾದವನ್ನು ಯಾರೂ ಹೊಡೆದಿರುವುದಿಲ್ಲವಾದ್ದರಿಂದ ಅವರೇ ಗೆಲ್ಲುವ ಅಪಾಯವೂ ಇದೆ. ಇದಕ್ಕೆ ಕಟ್ಟುನಿಟ್ಟಾದ ನಿಯಮ ಬೇಕು. ಪುರಾವೆ ಇಲ್ಲದ ವಾದಕ್ಕೆ ನಕ್ಷೆಯಲ್ಲಿ ಜಾಗ ಇಲ್ಲ. ಫೈಲ್ ಸಾಲು, ಲಾಗ್ (ಪ್ರೋಗ್ರಾಂ ಓಡುವಾಗ ಬರೆದಿಡುವ ದಾಖಲೆ), ಟೆಸ್ಟ್ ಫಲಿತಾಂಶ, ದಾಖಲೆಯ ವಾಕ್ಯ – ಯಾವುದಾದರೂ ಒಂದಿರಲಿ. ಹೇಳಿದ್ದನ್ನೇ ಬೇರೆ ಪದಗಳಲ್ಲಿ ಹೇಳಿದರೆ ಹೊಸ ವಾದ ಅಲ್ಲ. ಪ್ರತಿ ಹೊಸ ವಾದಕ್ಕೂ ಉತ್ತರ ಕೊಡಲು ಎದುರಿನವರಿಗೆ ಒಂದು ಅವಕಾಶ ಇರಲೇಬೇಕು. ಹಿಂದೆ ಸರಿಯುವುದಾದರೆ ಯಾವ ವಾದವನ್ನು ಯಾಕೆ ಬಿಡುತ್ತಿದ್ದೇನೆ ಅಂತ ಬರೆದೇ ಸರಿಯಬೇಕು. ಒಪ್ಪಿಕೊಂಡುಬಿಡುವ ಕಾಯಿಲೆಗೆ ಈ ಕೊನೆಯ ನಿಯಮ ಚೆನ್ನಾಗಿ ಕೆಲಸ ಮಾಡುತ್ತದೆ.

‘ಈ ಕೋಡ್ ಲೈಬ್ರರಿಯ ಕೈಪಿಡಿಯಲ್ಲಿ ಹೀಗಿದೆ’ ಅಂತ ಏಜೆಂಟ್ ಹೇಳಿದಾಗ, ವಾದಗಳ ಬಗ್ಗೆ ಬರೆದ ತತ್ವಶಾಸ್ತ್ರಜ್ಞ ಡಗ್ಲಸ್ ವಾಲ್ಟನ್ ಅವರ ಪ್ರಶ್ನೆಗಳು ಉಪಯೋಗಕ್ಕೆ ಬರುತ್ತವೆ. ತಜ್ಞರ ಮಾತನ್ನು ಆಧರಿಸಿದ ವಾದಕ್ಕೆ ಅವರು ಆರು ಪ್ರಶ್ನೆ ಪಟ್ಟಿ ಮಾಡಿದ್ದಾರೆ. ಹೇಳಿದವರಿಗೆ ಆ ವಿಷಯದಲ್ಲಿ ಪರಿಣತಿ ಇದೆಯೇ, ಅವರು ನಿಜವಾಗಿ ಹೇಳಿದ್ದೇನು, ಬೇರೆ ತಜ್ಞರೂ ಒಪ್ಪುತ್ತಾರೆಯೇ, ಪುರಾವೆ ಇದೆಯೇ ಎಂಬಂಥವು. ಇವನ್ನು ನೇರವಾಗಿ ಏಜೆಂಟ್‌ನ ಸೂಚನೆಗೆ ಸೇರಿಸಬಹುದು.

ಖರ್ಚು ಚರ್ಚೆಯಷ್ಟೇ ಆಗಬಹುದು, ಕೆಲವೊಮ್ಮೆ ಜಾಸ್ತಿ: ವಾದ ಬರೆಯಲು, ಆಕ್ಷೇಪ ಹುಡುಕಲು, ಬಾಣ ಸರಿಯೇ ಅಂತ ನೋಡಲು ಬೇರೆ ಬೇರೆ ಕರೆಗಳು. ಕೊನೆಯ ಲೆಕ್ಕ ಮಾತ್ರ ಪುಕ್ಕಟೆ. ಗ್ರೌಂಡೆಡ್ ಲೆಕ್ಕಕ್ಕೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಚಿಕ್ಕ ಫಂಕ್ಷನ್ ಸಾಕು. ವಾದದ ಒಳರಚನೆಯನ್ನೂ ನೋಡುವ ಆಸ್ಪಿಕ್ ಪ್ಲಸ್‌ನಂಥ ವ್ಯವಸ್ಥೆಗಳಿವೆ. ವಾದಗಳಿಗೆ ಅಂಕ ಕೊಟ್ಟು, ಬೆಂಬಲ ಮತ್ತು ವಿರೋಧ ಎರಡನ್ನೂ ತೂಗುವ ಲೆಕ್ಕಗಳೂ ಇವೆ. ಮೊದಲ ದಿನವೇ ಅಲ್ಲಿಗೆ ಹೋಗಬೇಡಿ.

ಅರ್ಧ ದಾರಿಯ ಆಯ್ಕೆ

ಇಷ್ಟೆಲ್ಲ ಕಟ್ಟಲು ಆಗುವುದಿಲ್ಲ ಅನ್ನುವವರಿಗೆ ವರ್ನರ್ ಕುನ್ಸ್ ಮತ್ತು ಹೋರ್ಸ್ಟ್ ರಿಟೆಲ್ 1970ರಲ್ಲಿ ಕೊಟ್ಟ ಐಬಿಸ್ (ಇಶ್ಯೂ ಬೇಸ್ಡ್ ಇನ್ಫರ್ಮೇಷನ್ ಸಿಸ್ಟಮ್) ಕ್ರಮ ಇದೆ. ಪ್ರಶ್ನೆ ಏನು, ನಿಲುವುಗಳು ಯಾವುವು, ಪ್ರತಿ ನಿಲುವಿನ ಪರ ಮತ್ತು ವಿರೋಧ ವಾದಗಳೇನು – ಇಷ್ಟನ್ನು ಒಂದು ಫೈಲ್‌ನಲ್ಲಿ ಬರೆಸಿ. ಲೆಕ್ಕ ಬೇಡ. ಆ ಫೈಲನ್ನು ಜಡ್ಜ್ ಮಾಡೆಲಿಗೆ ಕೊಟ್ಟು ‘ಉತ್ತರ ಸಿಗದ ಆಕ್ಷೇಪ ಯಾವುದು’ ಅಂತ ಕೇಳಿ. ‘ಯಾರು ಸರಿ’ ಅಂತ ಕೇಳುವುದಕ್ಕಿಂತ ಇದರಲ್ಲಿ ಉದ್ದದ ಮಾತಿಗೆ ಮರುಳಾಗುವ ಅಪಾಯ ಕಡಿಮೆ.

ನಿಮ್ಮ ಕೆಲಸಕ್ಕೆ ಯಾವುದು?

ಒಂದೇ ಖಚಿತ ಉತ್ತರ ಇರುವ, ಸಾವಿರಗಟ್ಟಲೆ ಬರುವ ಚಿಕ್ಕ ಕೆಲಸ: ಬಿಲ್‌ನಿಂದ ಮೊತ್ತ ಓದುವುದು, ಪತ್ರಗಳನ್ನು ವಿಂಗಡಿಸುವುದು. ಇದಕ್ಕೆ ಓಟೇ ಸಾಕು. ಸಾಧ್ಯವಾದರೆ ಬೇರೆ ಬೇರೆ ಕಂಪನಿಯ ಮಾಡೆಲ್ ಬಳಸಿ. ಮೂರೂ ಬೇರೆ ಉತ್ತರ ಕೊಟ್ಟವನ್ನು ಮಾತ್ರ ಮನುಷ್ಯರಿಗೆ ಕಳಿಸಿ.

ಬರವಣಿಗೆ, ಅನುವಾದ, ವಿನ್ಯಾಸದಂಥ ಕಡೆ, ‘ಸರಿ–ತಪ್ಪು’ಗಿಂತ ‘ಯಾವುದು ಚೆನ್ನ’ ಅನ್ನುವುದೇ ಪ್ರಶ್ನೆಯಾದಾಗ, ಕ್ರಮ ಬದಲಿಸಿ ಕೇಳುವ ಜಡ್ಜ್ ಸಾಕು. ಇಲ್ಲಿ ನಕ್ಷೆ ಮಾಡಿದರೆ ಶ್ರಮ ದಂಡ.

ಒಬ್ಬಿಬ್ಬರೇ ಸೇರಿ ಮಾಡುವ ಪ್ರಾಜೆಕ್ಟ್, ಕೈಯಲ್ಲಿ ದುಡ್ಡು ಕಡಿಮೆ, ಆದರೆ ಕೋಡ್ ಬದಲಾವಣೆಗಳಿಗೆ ಕಾರಣ ಬರೆದಿಡಬೇಕು ಅಂತಿದ್ದರೆ ಐಬಿಸ್ ಫೈಲ್.

ಸಾಲ ಕೊಡಬೇಕೇ ಬೇಡವೇ, ರೋಗಿಯ ಔಷಧ ಬದಲಿಸಬೇಕೇ, ದುಡ್ಡಿನ ವ್ಯವಹಾರದ ಕೋಡ್ ಬದಲಿಸಬೇಕೇ – ಹೀಗೆ ಆಮೇಲೆ ಯಾರಿಗಾದರೂ ಉತ್ತರ ಕೊಡಬೇಕಾದ ಕೆಲಸವಾದರೆ ವಾದಗಳ ನಕ್ಷೆಗೆ ಖರ್ಚು ಮಾಡಿ. ಎಲ್ಲ ಪ್ರಕರಣಕ್ಕೂ ಅದನ್ನು ಓಡಿಸಬೇಕಿಲ್ಲ. ಮೊದಲು ಓಟು. ಒಮ್ಮತ ಬಂದರೂ ಒಬ್ಬ ಏಜೆಂಟ್‌ಗೆ ಆಕ್ಷೇಪ ಹುಡುಕುವ ಕೆಲಸ ಕೊಡಿ. ಪುರಾವೆ ಇರುವ ಆಕ್ಷೇಪ ಒಂದು ಸಿಕ್ಕರೂ ಆ ಪ್ರಕರಣ ನಕ್ಷೆಗೆ ಹೋಗಲಿ. ನಕ್ಷೆಯಲ್ಲಿ ಎರಡು ವಾದ ಒಂದನ್ನೊಂದು ಹೊಡೆದು ನಿಂತರೆ, ಆ ಎರಡನ್ನು ಮಾತ್ರ, ಪುರಾವೆ ಸಮೇತ, ಜವಾಬ್ದಾರಿ ಇರುವ ಮನುಷ್ಯರ ಮುಂದಿಡಿ. ಐವತ್ತು ಪುಟದ ಚರ್ಚೆ ಓದಲು ಅವರಿಗೆ ಹೊತ್ತಿರುವುದಿಲ್ಲ. ಎರಡು ವಾಕ್ಯ ಓದಿ ಯಾವುದು ಮೊದಲು ಅಂತ ಹೇಳಲು ಖಂಡಿತ ಇರುತ್ತದೆ.